ಇಪ್ಪತ್ತಾರು ಡಿಗ್ರಿ, ಹಿತಕರ

ಪಕ್ಕದ ಮನೆಯ ನಿಧಿಗೆ ಹವಾಮಾನ ಹೇಳುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಹೋದ ಭಾನುವಾರ ಡಬ್ಬಿಯಲ್ಲಿ ಪೇಡ ತಂದುಕೊಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, "ಆಂಟಿ, ಯೂ ಡಿಡ್ ದಿಸ್ ಫಾರ್ ಇಯರ್ಸ್, ರೈಟ್? ವಾಟ್ ವಾಸ್ ಇಟ್ ಲೈಕ್?" ಎಂದು ಕೇಳಿದಳು. "ಚೆನ್ನಾಗಿರುತ್ತೆ ಮರಿ, ತುಂಬ ಹಿತವಾದ ಕೆಲಸ" ಅಂದೆ. ಅವಳು ಹೋದ ಮೇಲೆ ಡಬ್ಬಿ ತೊಳೆಯುತ್ತಾ ನಿಂತಾಗ ನಾಚಿಕೆಯಾಯಿತು. ಹದಿನಾಲ್ಕು ವರ್ಷ ಆಫೀಸಿನಲ್ಲಿ ನಾನು ಮಾಡಿದ್ದೂ ಇದನ್ನೇ: ಇದ್ದದ್ದನ್ನು ಬಿಟ್ಟು ಹಿತವಾದದ್ದನ್ನು ಹೇಳುವುದು. ನಿವೃತ್ತಿಯಾದರೂ ಚಾಳಿ ಬಿಟ್ಟಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. ನಿಧಿಗೆ ಕನ್ನಡ ಓದಲು ಬರುವುದಿಲ್ಲ; ಅವಳಮ್ಮ ಓದಿ ಹೇಳಲಿ.

ಮೊದಲು ಇದು ಗೊತ್ತಿರಲಿ ಮಗು: ಹವಾಮಾನದ ಆಫೀಸಿನಲ್ಲಿ ಯಾರೂ ಆಕಾಶ ನೋಡುವುದಿಲ್ಲ. ನಮ್ಮ ಆಫೀಸು ಇಲ್ಲೇ, ಇಂಗ್ಲಿಷರ ನಾಡಿನ ಹೇಸ್‌ನಲ್ಲಿ, ರೈಲು ಹಳಿಯ ಪಕ್ಕ, ಬಚ್ಚಲುಮನೆಯ ಟೈಲ್ಸ್ ಇಡುವ ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ಪಶ್ಚಿಮಕ್ಕೆ ದೊಡ್ಡ ದೊಡ್ಡ ಕಿಟಕಿಗಳು. ಕಂಪ್ಯೂಟರ್ ಪರದೆಯ ಮೇಲೆ ಬೆಳಕು ಬೀಳುತ್ತದೆಂದು ವರ್ಷವಿಡೀ ಅವಕ್ಕೆ ಬ್ಲೈಂಡ್ಸ್ ಇಳಿಬಿಟ್ಟಿರುತ್ತಿದ್ದರು. ಜೂನ್ ಮಧ್ಯಾಹ್ನದಲ್ಲೂ ಟ್ಯೂಬ್‌ಲೈಟಿನ ಕೆಳಗೆ ಕೂತು ನಾವು ಊರಿನವರಿಗೆಲ್ಲ ಬಿಸಿಲು ಹಂಚುತ್ತಿದ್ದೆವು. ಒಂದು ಸಲ ಯಾವುದೋ ಕ್ರಿಕೆಟ್ ಕ್ಲಬ್ಬಿಗೆ "ದಿನವಿಡೀ ಒಣಹವೆ" ಎಂದು ಫ್ಯಾಕ್ಸ್ ಮಾಡಿ ನಮ್ಮ ಮ್ಯಾನೇಜರ್ ಸ್ಯಾಂಡ್‌ವಿಚ್ ತರಲು ಹೊರಗೆ ಹೋದರು. ಬಂದಾಗ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೋಟನ್ನು ಕುರ್ಚಿಗೆ ನೇತುಹಾಕಿ, ಯಾರ ಮುಖವನ್ನೂ ನೋಡದೆ, "ಸ್ಥಳೀಯವಾಗಿ ಕೊಂಚ ವ್ಯತ್ಯಾಸ" ಅಂದರು. ಕೋಟಿನಿಂದ ಕಾರ್ಪೆಟ್ಟಿಗೆ ಇಳಿದ ನೀರಿನ ಕಲೆ ಸಂಜೆಯವರೆಗೆ ಹಾಗೇ ಇತ್ತು. ಕ್ಲಬ್ಬಿನವರಿಗೆ ಇನ್ನೊಂದು ಫ್ಯಾಕ್ಸ್ ಮಾತ್ರ ಹೋಗಲಿಲ್ಲ.

ಇವರೇ ರೋಲಂಡ್ ಸಾಹೇಬರು. ಎತ್ತರದ, ಇಸ್ತ್ರಿ ಮಾಡಿಟ್ಟಂಥ ಮನುಷ್ಯ. ಕೋಟಿನ ಎಡತೋಳಿನ ಒಂದು ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ಗಂಟು ಹೊರಗೆ ಕಾಣುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಅವರು ಹೇಳಿದ ಮಾತುಗಳಲ್ಲಿ ಎಷ್ಟೋ ಮರೆತಿದ್ದೇನೆ, ಆ ಗಂಟು ಮರೆತಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಕೆಲಸ ಕೇಳಲು ಹೋದಾಗ ನನಗೆ ಹವಾಮಾನದ ಗಂಧ ಗಾಳಿ ಇರಲಿಲ್ಲ. ಮನೆಯವರು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು, ಮನೆ ಫೆಲ್ಥಮ್‌ನಲ್ಲಿ, ಮಕ್ಕಳಿಬ್ಬರು ಶಾಲೆಗೆ ಸೇರಿದ್ದರು. ಒಂಬತ್ತೂವರೆಯಿಂದ ಎರಡೂವರೆವರೆಗೆ ಮನೆಯಲ್ಲಿ ನಾನೂ ಫ್ರಿಜ್ಜೂ ಇಬ್ಬರೇ ಗುಂಯ್ ಅನ್ನುತ್ತಿದ್ದೆವು. ಜಾಹೀರಾತಿನಲ್ಲಿ "ಶುದ್ಧ ಇಂಗ್ಲಿಷ್ ಬೇಕು" ಎಂದಿತ್ತು. ಎಲ್ಲಿ ಕಲಿತಿರಿ ಎಂದು ರೋಲಂಡ್ ಕೇಳಿದರು. ಮೈಸೂರಿನ ಕಾನ್ವೆಂಟಿನಲ್ಲಿ, ಐರಿಷ್ ಸಿಸ್ಟರುಗಳ ಹತ್ತಿರ ಅಂದೆ. "ಹೌ ಚಾರ್ಮಿಂಗ್" ಎಂದು ಮಾರನೇ ದಿನದಿಂದಲೇ ಬರಹೇಳಿದರು. ಅಂಕಿಗಳನ್ನು ಅವರು ಕೊಡುತ್ತಾರೆ, ವಾಕ್ಯ ನಾನು ಮಾಡಬೇಕು, ಕೊನೆಗೆ ನನ್ನ ಇನಿಶಿಯಲ್ಸ್ ಹಾಕಬೇಕು. ಎಸ್. ಆರ್. ಅಂದರೆ ಶಾರದಾ ರಾವ್. "ಓದಿ ನೋಡದ ಕಾಗದಕ್ಕೆ ಹೆಸರು ಹಾಕಬೇಡಿ ಹುಡುಗಿಯರೇ" ಎಂದು ಸಿಸ್ಟರ್ ಫಿಲೋಮಿನಾ ಬೋರ್ಡಿನ ಮೇಲೆ ದುಂಡಗೆ ಬರೆದು ಕಾಪಿ ಮಾಡಿಸುತ್ತಿದ್ದರು. ನಾನು ಓದುತ್ತಿದ್ದೆ. ಓದಿ, ನಿಜವಲ್ಲ ಎಂದು ಗೊತ್ತಾದ ಮೇಲೂ ಹಾಕುತ್ತಿದ್ದೆ. ಅದರ ಬಗ್ಗೆ ಸಿಸ್ಟರ್ ಏನೂ ಹೇಳಿರಲಿಲ್ಲ.

ವಾಕ್ಯ ಮಾಡಲು ಒಂದು ಪಟ್ಟಿ ಇತ್ತು. ಫ್ಯಾಕ್ಸ್ ಮೆಷಿನ್ನಿನ ಮೇಲೆ ಸೆಲ್ಲೋಟೇಪಿನಲ್ಲಿ ಅಂಟಿಸಿದ್ದರು: ಬಳಸಬಾರದ ಪದ ಎಡಕ್ಕೆ, ಬಳಸಬೇಕಾದದ್ದು ಬಲಕ್ಕೆ. ಮಂಜು ಅನ್ನಬಾರದು, "ಬೆಳಗಿನ ತೆಳುಮೋಡ" ಅನ್ನಬೇಕು. ಬಿರುಬಿಸಿಲು ಅನ್ನಬಾರದು, "ಉದಾರವಾದ ಬಿಸಿಲು". ಸೆಕೆ ಅನ್ನಬಾರದು, "ಬೆಚ್ಚಗೆ". ಚಳಿ ಎಂಬುದೇ ಇಲ್ಲ, "ಉಲ್ಲಾಸಕರ" ಇದೆ. ಏನೂ ತೋಚದಿದ್ದರೆ "ಹಿತಕರ". ಆ "ಹಿತಕರ" ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ! ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಪ್ರವಾಸ ಕಂಪನಿಯವರು. ಅವರಿಗೆ ಹವೆ ಹೇಗಿರುತ್ತದೆ ಎಂಬುದಕ್ಕಿಂತ ಬ್ರೋಷರಿನಲ್ಲಿ ಹೇಗೆ ಕಾಣುತ್ತದೆ ಎಂಬುದೇ ಮುಖ್ಯ.

ಆ ಆಫೀಸಿನಲ್ಲಿ ಕೆಲಸ ಬಲ್ಲವರು ಒಬ್ಬರೇ, ಬ್ರಯನ್. ಹಡಗಿನಲ್ಲಿದ್ದು ಬಂದ ಮುದುಕ. ನಕ್ಷೆಗಳಿಗೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಮಳೆಗೆ ಹಸಿರು, ಮಂಜಿಗೆ ಹಳದಿ. ಪೆನ್ಸಿಲಿನ ಸಿಪ್ಪೆಯನ್ನು ಟೀ ಕಪ್ಪಿನ ಸಾಸರಿನಲ್ಲಿ ಕೂಡಿಡುತ್ತಿದ್ದರು. ಕ್ಯಾಲಿಫೋರ್ನಿಯಾ ಎಂಬ ನಾಡನ್ನು ನನಗೆ ಅರ್ಥಮಾಡಿಸಿದವರು ಅವರೇ. ಅಲ್ಲಿ ಬೇಸಿಗೆಯಲ್ಲಿ ಸಮುದ್ರದಂಡೆಗೆ ಮಂಜು ಕವಿಯುತ್ತದೆ, ಎರಡು ಗಂಟೆ ಒಳನಾಡಿಗೆ ಹೋದರೆ ಬೆಟ್ಟಗಳ ನಡುವಿನ ಕಣಿವೆ ಕಾದು ಕೆಂಡವಾಗಿರುತ್ತದೆ. "ಒಂದೇ ರಾಜ್ಯದಲ್ಲಿ ಇದು ಹೇಗೆ?" ಎಂದೆ. "ನಿಮ್ಮೂರಲ್ಲಿ ಸೌದೆ ಒಲೆ ಇತ್ತೇ ಮಿಸೆಸ್ ರಾವ್?" ಅಂದರು. ಇತ್ತು ಅಂದೆ. "ಒಲೆ ಜೋರಾಗಿ ಉರಿದರೆ ಹೊಗೆ ಮೇಲೆ ಹೋಗುತ್ತೆ, ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಕಾಲಿಗೆ ಬಡಿಯುತ್ತೆ. ಕಣಿವೆಯೇ ಒಲೆ, ಸಮುದ್ರವೇ ಬಾಗಿಲು. ಒಳಗೆ ಹೆಚ್ಚು ಕಾದಷ್ಟೂ ದಂಡೆಗೆ ಹೆಚ್ಚು ಮಂಜು ಎಳೆದುಕೊಂಡು ಬರುತ್ತೆ." ನಮ್ಮಜ್ಜಿ ಒಲೆಯ ಮುಂದೆ ಕೂತು ಬೆನ್ನು ತಣ್ಣಗಾಗುತ್ತದೆಂದು ಸೆರಗು ಹೊದೆಯುತ್ತಿದ್ದದ್ದು ನೆನಪಾಯಿತು. ಅಷ್ಟೇ, ಕ್ಯಾಲಿಫೋರ್ನಿಯಾ ಮುಗಿಯಿತು. ನಿಧಿ ಮೂರು ವರ್ಷ ಯೂನಿವರ್ಸಿಟಿಯಲ್ಲಿ ಓದಿ ಇದನ್ನೇ ಕಲಿತಿದ್ದಾಳಂತೆ.

ಮಾಹಿತಿಯೆಲ್ಲ ಕಂಪ್ಯೂಟರಿನಲ್ಲೇ ಬರತೊಡಗಿದ ವರ್ಷ ಬ್ರಯನ್ ಅವರನ್ನು ಮನೆಗೆ ಕಳಿಸಿದರು. ಅವರ ಮೇಜಿನ ಮೇಲೆ ಪ್ರಿಂಟರ್ ಬಂದು ಕೂತಿತು. ಅದು ಬಣ್ಣ ತಾನೇ ತುಂಬುತ್ತಿತ್ತು, ಒಲೆಯ ವಿಷಯ ಮಾತ್ರ ಹೇಳುತ್ತಿರಲಿಲ್ಲ.

ಈಗ ಕ್ಯಾಲಿಫೋರ್ನಿಯಾದ ಬೇಸಿಗೆಗೆ ನಾವು ಕೊಟ್ಟ ಮುನ್ನೋಟಕ್ಕೆ ಬರುತ್ತೇನೆ. ವಯಸ್ಸಾದವರನ್ನು ಬಸ್ಸಿನಲ್ಲಿ ಸುತ್ತಿಸುವ ಒಂದು ಕಂಪನಿ ಕ್ಯಾಲಿಫೋರ್ನಿಯಾಕ್ಕೂ ಟೂರ್ ಶುರುಮಾಡಿತು: ನಾಲ್ಕು ದಿನ ಸಮುದ್ರದಂಡೆ, ನಾಲ್ಕು ದಿನ ಒಳಗಿನ ಕಣಿವೆ. ಅವರ ಬ್ರೋಷರಿನಲ್ಲಿ ಪ್ರತಿ ಟೂರಿಗೂ ಒಂದು ಚೌಕ, ಅದರಲ್ಲಿ ನಗುವ ಸೂರ್ಯನ ಚಿತ್ರ, ಕೆಳಗೆ ಒಂದು ಅಂಕಿ, ಒಂದು ಸಾಲು. ಎರಡು ಅಂಕಿಗೆ ಜಾಗವಿಲ್ಲ. ರೋಲಂಡ್ ಏನು ಮಾಡಿದರು ಗೊತ್ತೇ? ದಂಡೆಗೆ ಹದಿನೈದು, ಕಣಿವೆಗೆ ಮೂವತ್ತೇಳು. ಎರಡನ್ನೂ ಕೂಡಿಸಿ ಅರ್ಧ ಮಾಡಿದರು. ಇಪ್ಪತ್ತಾರು. "ಇಪ್ಪತ್ತಾರು ಡಿಗ್ರಿ, ಹಿತಕರ. ಹತ್ತಿ ಬಟ್ಟೆ ಸಾಕು" ಎಂದು ನಾನು ವಾಕ್ಯ ಮಾಡಿದೆ.

ಇಪ್ಪತ್ತಾರು ಡಿಗ್ರಿ ಇರುವ ಜಾಗ ಆ ದಾರಿಯಲ್ಲಿ ಎಲ್ಲೂ ಇರಲಿಲ್ಲ. ಬೆಟ್ಟ ಹತ್ತಿ ಇಳಿಯುವಾಗ ಬಸ್ಸಿನಲ್ಲಿ ಒಂದು ಹತ್ತು ನಿಮಿಷ ಇರುತ್ತಿತ್ತೇನೋ. ಇದಕ್ಕಿಂತ ದೊಡ್ಡ ತಮಾಷೆ ಸೀಸನ್ ಮುಗಿದ ಮೇಲೆ ನಡೆಯುತ್ತಿತ್ತು. ಹೇಳಿದ್ದು ಸರಿಯಾಯಿತೇ ಎಂದು ರೋಲಂಡ್ ತಾಳೆ ನೋಡುತ್ತಿದ್ದರು. ಕಣಿವೆ ನಲವತ್ತಕ್ಕೆ ಏರಿದ ವಾರ ದಂಡೆ ಮಂಜಿನಲ್ಲಿ ಹನ್ನೆರಡಕ್ಕೆ ಇಳಿದಿರುತ್ತಿತ್ತು. ಕೂಡಿಸಿ ಅರ್ಧ ಮಾಡಿದರೆ ಮತ್ತೆ ಇಪ್ಪತ್ತಾರೇ! ಅಲ್ಲಿ ಬೆಂದವರು ಬೆಂದರು, ನಡುಗಿದವರು ನಡುಗಿದರು, ನಮ್ಮ ಅಂಕಿ ಮಾತ್ರ ಅಲುಗಲಿಲ್ಲ. "ನಮ್ಮ ಅತ್ಯಂತ ವಿಶ್ವಾಸಾರ್ಹ ಮುನ್ನೋಟ" ಎಂದು ಅದನ್ನು ಹೊಸ ಗಿರಾಕಿಗಳಿಗೆ ಮಾದರಿಯಾಗಿ ಕಳಿಸುತ್ತಿದ್ದರು. ಪ್ರತಿಯೊಂದರ ಕೆಳಗೂ ಎಸ್. ಆರ್.

ನನಗೆ ಅನುಮಾನ ಬಲವಾದದ್ದು ಟವೆಲ್‌ನಿಂದ. ನಮ್ಮ ಬೀದಿಯಲ್ಲಿ ಹಾಲು, ಪೇಪರ್ ಮಾರುವ ಗುಜರಾತಿಯೊಬ್ಬರ ಅಂಗಡಿಯಿತ್ತು. ಅವರ ಅತ್ತಿಗೆ ಕಾಂತಾಬೆನ್ ಆ ಕಣಿವೆಯ ಊರಿನಲ್ಲೇ ಹನ್ನೆರಡು ಕೋಣೆಯ ಮೋಟೆಲ್ ನಡೆಸುತ್ತಿದ್ದರು. ಆಕೆಯ ತಂಗಿಯದೂ ಒಂದು ಮೋಟೆಲ್, ಸಮುದ್ರದಂಡೆಯಲ್ಲಿ. ಅಂಗಡಿಯವರಿಂದ ನಂಬರ್ ಪಡೆದು, ಫೋನ್ ಕಾರ್ಡ್ ಉಜ್ಜಿ, ಒಂದು ದಿನ ಸಂಜೆ ನಾಲ್ಕಕ್ಕೆ ಮಾಡಿದೆ. ಅಲ್ಲಿ ಬೆಳಿಗ್ಗೆ ಎಂಟು. ಕಾನ್ವೆಂಟಿನ ನನ್ನ ಹಿಂದಿ, ಆಕೆಯ ಗುಜರಾತಿ ಬೆರೆತ ಹಿಂದಿ, ಹೇಗೋ ಸಾಗಿತು.

"ಶಾರದಾಬೆನ್, ನಾವಿಬ್ಬರೂ ಒಂದೇ ಕಡೆಯಿಂದ ಟವೆಲ್ ತರಿಸೋದು. ಒಂದೇ ಥಾನು, ಒಂದೇ ದಪ್ಪ. ಇಲ್ಲಿ ಹಿತ್ತಿಲ ಹಗ್ಗಕ್ಕೆ ಹರವುತ್ತಾ ಹೋಗ್ತೀನಿ ನೋಡಿ, ಕೊನೇದು ಹರವೋ ಹೊತ್ತಿಗೆ ಮೊದಲನೇದು ಹಪ್ಪಳ. ತಂಗಿ ಹರವಿದ್ದು ಎರಡು ದಿನವಾದ್ರೂ ಹಸಿ, ಮೇಲೆ ನಾಯಿ ವಾಸನೆ. ಜುಲೈನಲ್ಲಿ ಅವಳು ಹೀಟರ್ ಹಾಕ್ತಾಳೆ, ನಾನು ಮಧ್ಯಾಹ್ನ ಅಂಗಳಕ್ಕೆ ಕಾಲಿಡಲ್ಲ."

ಮಾರನೇ ದಿನ ರೋಲಂಡ್ ಮೇಜಿನ ಮುಂದೆ ನಿಂತು ಇದನ್ನು ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಮಿಸೆಸ್ ರಾವ್, ಇದು ಹವಾಮಾನ ಸಂಸ್ಥೆ. ನಾವಿಲ್ಲಿ ಲಾಂಡ್ರಿ ನಡೆಸುತ್ತಿಲ್ಲ." ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನಾನಿನ್ನೂ ನನಗೆ ಕ್ಷಮಿಸಿಲ್ಲ.

ಲಾಂಡ್ರಿಯ ಮಾತು ಬಂತು, ಹೇಳಿಬಿಡುತ್ತೇನೆ: ನನ್ನನ್ನು ನಿಜವಾದ ಹವಾಮಾನ ತಜ್ಞೆ ಎಂದು ನಂಬಿದ್ದವರು ಈ ದೇಶದಲ್ಲಿ ಒಬ್ಬರೇ, ಹೌನ್ಸ್ಲೋದ ಸುಮಿತ್ರಕ್ಕ. ಧಾರವಾಡದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ಯಜಮಾನರು ದೇಸಾಯಿ ಡಾಕ್ಟರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತಿದ್ದು ನಿವೃತ್ತರಾದವರು. ನಾನು ಕೆಲಸಕ್ಕೆ ಸೇರಿದ ವಾರದಿಂದ ಸುಮಿತ್ರಕ್ಕ ದಿನಾ ಬೆಳಿಗ್ಗೆ ಸರಿಯಾಗಿ ಏಳೂ ಮುಕ್ಕಾಲಿಗೆ ಫೋನ್ ಮಾಡುತ್ತಿದ್ದರು. ಹಲೋ ಇಲ್ಲ, ಏನಿಲ್ಲ, ನೇರ ಒಗೆದ ಬಟ್ಟೆಯ ಪ್ರಶ್ನೆ.

"ಶಾರದಾ, ಇವತ್ತ ಅರಿವಿ ಒಣಗ್ತಾವೇನವಾ?"

ನಾನು ಕೈಯಲ್ಲಿ ಸೌಟು ಹಿಡಿದೇ ಹಿತ್ತಿಲಿಗೆ ಹೋಗಿ, ಹಗ್ಗ ಮುಟ್ಟಿ, ಎದುರುಮನೆಯ ಚಿಮಣಿಯ ಹೊಗೆ ನೋಡಿ ಬಂದು ಹೇಳುತ್ತಿದ್ದೆ: "ಹನ್ನೆರಡರೊಳಗೆ ತೆಗೀರಿ ಸುಮಿತ್ರಕ್ಕ." ಅದು ಅಪರೂಪಕ್ಕೆ ತಪ್ಪುತ್ತಿತ್ತು. ಆಫೀಸಿನಿಂದ ಹೋದದ್ದು ಅಪರೂಪಕ್ಕೆ ಸರಿಯಾಗುತ್ತಿತ್ತು.

ಒಂದು ಮೇ ತಿಂಗಳ ಬ್ಯಾಂಕ್ ಹಾಲಿಡೇ ದಿನ ಅವರ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ನಾಲ್ಕೈದು ಸಂಸಾರ. ಸುಮಿತ್ರಕ್ಕ ಒಂದು ಬ್ರೋಷರನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ನೋಡ್ರಿ, ನಮ್ಮ ಶಾರದಾ ಬರದದ್ದು! ಇಲ್ಲಿ ಕೆಳಗ ಎಸ್. ಆರ್. ಅಂತ ಅದ. ಜುಲೈದಾಗ ನಾವಿಬ್ಬರೂ ಹೊಂಟೀವಿ."

ನಗುವ ಸೂರ್ಯ. ಇಪ್ಪತ್ತಾರು. ಹಿತಕರ.

ದೇಸಾಯಿ ಡಾಕ್ಟರು ಸೋಫಾದಿಂದಲೇ ಕೂಗಿ ಹೇಳಿದರು: "ಶಾರದಾಬಾಯಿ, ನಮ್ಮ ಹಾರ್ಟಿನ ಡಾಕ್ಟರ್ ಭಾಳ ಸೆಕಿ ಇದ್ದಲ್ಲೆ ಹೋಗಬ್ಯಾಡ ಅಂದಾನ. ಸ್ಪೇನ್ ಬ್ಯಾಡ, ಇಂಡಿಯಾ ಅಂತೂ ಬ್ಯಾಡೇ ಬ್ಯಾಡ. ಮತ್ತ ಎಲ್ಲಿಗೆ ಹೋಗೂದು? ನಿಮ್ಮ ಇಪ್ಪತ್ತಾರು ನೋಡಿ ಬುಕ್ ಮಾಡೀನಿ. ಬರೋಬ್ಬರಿ ಅದಲ್ಲ?"

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. "ನಮ್ಮ ಹೆಣ್ಣುಮಗಳು ಇಂಗ್ಲಿಷ್‌ನವರಿಗೆ ಹವಾ ಹೇಳ್ತಾಳ" ಎಂದು ಯಾರೋ ಆಗಷ್ಟೇ ಹೊಗಳಿದ್ದರು. ಆ ಅಂಕಿ ಸುಳ್ಳು, ಎರಡು ಊರನ್ನು ಕೂಡಿಸಿ ಅರ್ಧ ಮಾಡಿದ್ದು, ಕಣಿವೆಯಲ್ಲಿ ನೀವು ಬೇಯುತ್ತೀರಿ ಎಂದು ಹೇಳಲು ನಾಲ್ಕು ಮಾತು ಸಾಕಿತ್ತು. ಹೇಳಿದರೆ ಇಷ್ಟು ವರ್ಷ ನಾನು ಮಾಡಿದ್ದೇನು ಎಂಬ ಪ್ರಶ್ನೆ ಬರುತ್ತಿತ್ತು. "ಒಂದು ಸ್ವೆಟರ್ ಇಟ್ಕೊಳ್ಳಿ ಡಾಕ್ಟ್ರೇ, ಒಳನಾಡು ಸ್ವಲ್ಪ ಬೆಚ್ಚಗಿರುತ್ತೆ, ನೀರು ಕುಡೀತಾ ಇರಿ" ಅಂದೆ. ನೋಡಿ, ಮನೆಯೊಳಗೂ ಪಟ್ಟಿಯ ಪದವೇ ಬಂತು: ಬೆಚ್ಚಗೆ! ರೋಲಂಡರನ್ನು ಹೀಗಳೆಯುವ ನಾನು ಆ ಸೋಫಾದ ಮುಂದೆ ಅವರ ಪಕ್ಕಾ ಶಿಷ್ಯೆಯಾಗಿ ನಿಂತಿದ್ದೆ. ಹೊರಡುವಾಗ ಒಂದು ಚೀಟಿಯಲ್ಲಿ ಕಾಂತಾಬೆನ್ ನಂಬರ್ ಬರೆದು ಸುಮಿತ್ರಕ್ಕನ ಕೈಗೆ ತುರುಕಿದೆ. "ಗುರುತಿನವರು, ಏನಾದರೂ ಬೇಕಾದರೆ ಇರಲಿ" ಅಂದೆ. ನನ್ನ ಧೈರ್ಯ ಮುಗಿದದ್ದು ಅಷ್ಟಕ್ಕೆ.

ಜುಲೈನಲ್ಲಿ ಅವರು ಹೋದರು. ಎಂಟು ದಿನದ ಟೂರು. ಏಳೂ ಮುಕ್ಕಾಲಿಗೆ ಫೋನ್ ಇಲ್ಲದ್ದರಿಂದ ಮನೆ ಒಂಥರಾ ಅನ್ನಿಸುತ್ತಿತ್ತು. ಆಫೀಸಿನ ಪರದೆಯ ಮೇಲೆ ನಾನು ದಿನಾ ಆ ಎರಡು ಊರುಗಳನ್ನು ನೋಡುತ್ತಿದ್ದೆ. ಕಣಿವೆ ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ದಂಡೆ ಹದಿನಾಲ್ಕು, ಹದಿಮೂರು, ಹನ್ನೆರಡು. ಬ್ರಯನ್ ಹೇಳಿದ ಒಲೆ ಚೆನ್ನಾಗಿ ಹತ್ತಿಕೊಂಡಿತ್ತು.

ಆರನೇ ದಿನ ಸಂಜೆ ನಾಲ್ಕಕ್ಕೆ ಫೋನ್ ಬಂತು. ಕಾಂತಾಬೆನ್. ಆಕೆ ತಾನಾಗಿ ನನಗೆ ಎಂದೂ ಮಾಡಿದವರಲ್ಲ.

"ಶಾರದಾಬೆನ್, ನಿಮ್ಮ ಡಾಕ್ಟರ್ ಸಾಹೇಬರು ಆಸ್ಪತ್ರೆಯಲ್ಲಿದ್ದಾರೆ. ನಿನ್ನೆ ಮಧ್ಯಾಹ್ನ ಬಸ್ಸಿನಿಂದ ಇಳಿದು ದ್ರಾಕ್ಷಿ ತೋಟ ನೋಡ್ತಾ ಇದ್ದಾಗ ಬಿದ್ದುಬಿಟ್ರು."

ನಡೆದದ್ದು ಇಷ್ಟು. ಸ್ವೆಟರ್ ಒಯ್ಯದೆ ಬ್ರೋಷರನ್ನೇ ನಂಬಿ ಹೋದ ಡಾಕ್ಟರು, ದಂಡೆಯಲ್ಲಿ ನಾಲ್ಕು ದಿನ ತೆಳು ಹತ್ತಿ ಶರ್ಟಿನಲ್ಲಿ ನಡುಗಿ, ಒಂದು ದಪ್ಪ ಉಣ್ಣೆಯ ಜಾಕೆಟ್ ಕೊಂಡಿದ್ದರು. ನೆಗಡಿ, ಜ್ವರ ಬೇರೆ. ಐದನೇ ದಿನ ಬಸ್ಸು ಬೆಟ್ಟ ದಾಟಿ ಕಣಿವೆಗಿಳಿದಾಗಲೂ ಅದನ್ನು ತೆಗೆಯಲಿಲ್ಲ. ಬಸ್ಸಿನೊಳಗೆ ಏಸಿ, ಹೊರಗೆ ಕುಲುಮೆ. ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆ ಮೊದಲೇ ಮೈಯ ನೀರು ಇಳಿಸುವಂಥದ್ದು. ತೋಟದ ನಡುವೆ ಕಾಲು ಸೋತು ಕುಸಿದರು. ಸುಮಿತ್ರಕ್ಕನಿಗೆ ಆ ದೇಶದಲ್ಲಿ ಗೊತ್ತಿದ್ದದ್ದು ಚೀಟಿಯಲ್ಲಿದ್ದ ಒಂದೇ ನಂಬರ್. ಆಂಬುಲೆನ್ಸಿಗೆ ಗೈಡ್ ಫೋನ್ ಮಾಡಿದ, ಅದು ದೂರದ ಪೇಟೆಯಿಂದ ಬರಬೇಕಿತ್ತು. ಕಾಂತಾಬೆನ್ ಅದಕ್ಕಿಂತ ಮೊದಲು ಬಂದರು, ಕಾರಿನ ಹಿಂದಿನ ಸೀಟಿನಲ್ಲಿ ಐಸ್ ತುಂಬಿದ ಬಕೆಟ್ಟು, ಮೋಟೆಲಿನ ಟವೆಲ್ಲುಗಳು. ಒದ್ದೆ ಮಾಡಿ ಮೈಗೆಲ್ಲ ಸುತ್ತಿದರು. ಒಣಗುತ್ತಿದ್ದಂತೆ ತೆಗೆದು ಇನ್ನೊಂದು.

"ಕ್ಷಣದಲ್ಲಿ ಒಣಗ್ತಿತ್ತು ಬೆನ್, ಹೇಳಿದ್ನಲ್ಲ ನಿಮಗೆ" ಅಂದರು ಕಾಂತಾಬೆನ್. ಹೇಳಿದ್ದರು.

ಬದುಕುತ್ತಾರೋ ಇಲ್ಲವೋ ಎಂದು ಎರಡು ದಿನ ಗೊತ್ತಾಗಲಿಲ್ಲ. ಆ ಎರಡು ದಿನವೂ ನಾನು ಆಫೀಸಿಗೆ ಹೋದೆ, ಹಿತಕರ ಎಂದು ಟೈಪ್ ಮಾಡಿದೆ. ಮೂರನೇ ದಿನ ಕಣ್ಣು ಬಿಟ್ಟು ಮಜ್ಜಿಗೆ ಕೇಳಿದರಂತೆ.

ರೋಲಂಡರಿಗೆ ತಿಳಿಸಿದೆ. ನಮ್ಮ ಹಾಳೆ ನಂಬಿ ಹೋದವರು ಸಾಯುವ ಸ್ಥಿತಿಗೆ ಬಂದಿದ್ದರು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಿಜವಾಗಿಯೂ ವ್ಯಥೆಪಟ್ಟರು. ನಾನು ಸುಳ್ಳು ಹೇಳಬಾರದು. ಹುಬ್ಬು ಗಂಟಿಕ್ಕಿ, "ಡಿಯರ್ ಮಿ" ಎಂದು, ಪರದೆಯ ಕಡೆ ತಿರುಗಿ ಕೀಲಿ ಒತ್ತಿದರು. ಎರಡು ಅಂಕಿ ಬಂದವು. ಕೂಡಿಸಿದರು, ಅರ್ಧ ಮಾಡಿದರು. ಮುಖ ಅರಳಿತು.

"ಇಪ್ಪತ್ತಾರು, ಮಿಸೆಸ್ ರಾವ್. ನಮ್ಮದೇನೂ ತಪ್ಪಿಲ್ಲ."

ಇನ್ನೊಬ್ಬರ ನೋವಿನ ಎದುರು ಲೆಕ್ಕ ಸರಿಹೋಯಿತೆಂದು ಅಷ್ಟು ಶುದ್ಧವಾಗಿ ಸಂತೋಷಪಟ್ಟ ಮುಖವನ್ನು ನಾನು ಆಮೇಲೆ ನೋಡಿಲ್ಲ. ನಿಧಿ, ನಿನಗೂ ಇಂಥವರು ಸಿಗುತ್ತಾರೆ. ಅವರು ಕೆಟ್ಟವರಲ್ಲ. ಹುಟ್ಟುಹಬ್ಬಕ್ಕೆ ಕಾರ್ಡ್ ಕೊಡುತ್ತಾರೆ.

ದೇಸಾಯಿ ದಂಪತಿಗಳು ಮೂರು ವಾರದ ಮೇಲೆ ವಾಪಸಾದರು. ನೋಡಲು ಹೋದೆ. ಡಾಕ್ಟರು ಅರ್ಧವಾಗಿದ್ದರು, ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ಇದ್ದದ್ದನ್ನೆಲ್ಲ ಹೇಳಿಬಿಟ್ಟೆ: ಕೂಡಿಸಿದ್ದು, ಅರ್ಧ ಮಾಡಿದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು. ಡಾಕ್ಟರು ನಕ್ಕರು.

"ಹಂಗಾರ ನನ್ನ ಟೆಂಪರೇಚರೂ ನಿಮ್ಮ ಸಾಹೇಬನ ಕಡೆ ಬರೆಸಬೇಕಾಗಿತ್ತು, ಶಾರದಾಬಾಯಿ. ಅಲ್ಲಿ ನಡುಗಿದೆ, ಇಲ್ಲಿ ಬೆಂದೆ, ಕೂಡಿಸಿದರ ನಾ ಅಗದೀ ಆರಾಮ!"

ಸುಮಿತ್ರಕ್ಕ ನಗಲಿಲ್ಲ. ಬೈಯಲೂ ಇಲ್ಲ. "ಚಾ ತಗೋ" ಅಂದರು. ಮೊದಲಾಗಿದ್ದರೆ "ಚಾ ತಗೋವಾ" ಅನ್ನುತ್ತಿದ್ದರು. ಅಷ್ಟರಲ್ಲಿ ಹೊರಗೆ ಕಪ್ಪಾಯಿತು. ಹಿತ್ತಿಲಿನ ಹಗ್ಗದ ಮೇಲೆ ಬಿಳಿ ಧೋತರ ಹಾರುತ್ತಿತ್ತು. ಅವರು ಎದ್ದು ಹೋಗಿ, ಕಿಟಕಿಯ ಗಾಜಿಗೆ ಹಣೆ ಹಚ್ಚಿ, ಕತ್ತೆತ್ತಿ ತಾವೇ ಆಕಾಶ ನೋಡಿದರು. ನಾನು ಎರಡು ಹೆಜ್ಜೆ ಹಿಂದೆ ಕಪ್ಪು ಹಿಡಿದು ಕೂತಿದ್ದೆ. ನನ್ನನ್ನು ಕೇಳಲಿಲ್ಲ.

ಮಾರನೇ ದಿನ ಏಳೂ ಮುಕ್ಕಾಲಿಗೆ ಫೋನ್ ಬರಲಿಲ್ಲ. ಆ ವಾರವೂ ಇಲ್ಲ, ಆ ವರ್ಷವೂ ಇಲ್ಲ. ಸಮಾರಂಭಗಳಲ್ಲಿ ಸಿಕ್ಕರೆ ಮಾತಾಡುತ್ತಿದ್ದರು. ಮಕ್ಕಳ ಓದು, ಜಿ.ಪಿ. ಡಾಕ್ಟರ ಅಪಾಯಿಂಟ್‌ಮೆಂಟ್, ಎಲ್ಲ. ಹವೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಈ ದೇಶದಲ್ಲಿ ಹವೆಯ ಮಾತು ಬಿಟ್ಟು ಮಾತಾಡುವುದು ಎಷ್ಟು ಕಷ್ಟ ಎಂದು ಇಲ್ಲಿದ್ದವರಿಗೆ ಗೊತ್ತು.

ಮುಂದಿನ ವಸಂತದಲ್ಲಿ ಅದೇ ಟೂರಿನ ಮುನ್ನೋಟ ಮತ್ತೆ ನನ್ನ ಮೇಜಿಗೆ ಬಂತು. ಒಂದು ಅಂಕಿ, ಒಂದು ಸಾಲು, ನಗುವ ಸೂರ್ಯ. ನಾನು ಎರಡು ಪ್ಯಾರಾ ಬರೆದೆ: "ಸಮುದ್ರದಂಡೆ: ಮಂಜು, ಚಳಿ. ಉಣ್ಣೆ ಬಟ್ಟೆ ಬೇಕು. ಒಗೆದ ಟವೆಲ್ ಎರಡು ದಿನವಾದರೂ ಒಣಗುವುದಿಲ್ಲ. ಕಣಿವೆ: ತೀವ್ರ ಬಿಸಿ. ಮಧ್ಯಾಹ್ನ ಹೊರಗೆ ಹೋಗಬೇಡಿ. ಹೃದಯದ ಕಾಯಿಲೆಯವರು ಡಾಕ್ಟರನ್ನು ಕೇಳದೆ ಬರಬೇಡಿ. ಟವೆಲ್ ಹರವಿ ಮುಗಿಸುವಷ್ಟರಲ್ಲಿ ಒಣಗುತ್ತದೆ."

ರೋಲಂಡ್ ಅದರ ಮೇಲೆ ಉದ್ದಕ್ಕೆ ಕೆಂಪು ಗೆರೆ ಎಳೆದು, ಇಪ್ಪತ್ತಾರು ಎಂದು ಬರೆದು ವಾಪಸು ಕೊಟ್ಟರು. ನಾನು ಅದನ್ನು ನೀಟಾಗಿ ಟೈಪ್ ಮಾಡಿ ಅವರ ಮುಂದಿಟ್ಟೆ. ಕೆಳಗೆ ಜಾಗ ಖಾಲಿ.

"ಇನಿಶಿಯಲ್ಸ್ ಮರೆತಿರಿ."

"ಮರೆತಿಲ್ಲ ರೋಲಂಡ್. ಇದಕ್ಕೆ ನಾನು ಹಾಕುವುದಿಲ್ಲ. ನೀವು ಹಾಕಿ."

ನನ್ನ ದನಿ ಏರಲಿಲ್ಲ. ಕಾನ್ವೆಂಟಿನಲ್ಲಿ ಏರಿಸಲು ಕಲಿಸಿರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು. ಕಾಗದದ ಮೇಲೆ ಪೆನ್ನು ಹಿಡಿದರು. ಆಗ ನನಗೆ ಹೊಳೆದದ್ದು: ಇಷ್ಟು ವರ್ಷದಲ್ಲಿ ಆ ಆಫೀಸಿನಿಂದ ಹೊರಟ ಒಂದು ಹಾಳೆಯ ಮೇಲೂ ನಾನು ಅವರ ಹೆಸರು ನೋಡಿರಲಿಲ್ಲ. ನಾನು ಬರುವ ಮೊದಲು ಬ್ರಯನ್ ಹಾಕುತ್ತಿದ್ದರು, ಆಮೇಲೆ ನಾನು. ಪ್ರವಾಸ ಕಂಪನಿಯವರು ಯಾರಾದರೊಬ್ಬರ ಇನಿಶಿಯಲ್ಸ್ ಇಲ್ಲದ ಹಾಳೆಯನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಾಳೆ ಏನಾದರೂ ಆದರೆ ಕೇಳಲು ಒಬ್ಬರು ಬೇಕಲ್ಲ. ಮಧ್ಯಾಹ್ನ ಎರಡಕ್ಕೆ ಅದು ಪ್ರೆಸ್ಸಿಗೆ ಹೋಗಬೇಕಿತ್ತು. ಒಂದೂವರೆ ಆಗಿತ್ತು. ಅವರು ಹಾಳೆ ನೋಡಿದರು, ಗಡಿಯಾರ ನೋಡಿದರು, ತೋಳಿನ ಗುಂಡಿಯ ಗಂಟನ್ನು ಉಗುರಿನಿಂದ ಕೆರೆದರು. ತಪ್ಪೇ ಇಲ್ಲದ ಇಪ್ಪತ್ತಾರು! ವಿಶ್ವಾಸಾರ್ಹ ಇಪ್ಪತ್ತಾರು! ಅದಕ್ಕೆ ಎರಡಕ್ಷರ ಹಾಕಲು ಆ ಕೈ ಇಳಿಯಲೇ ಇಲ್ಲ.

"ಗಿರಾಕಿ ಒಪ್ಪುವುದಿಲ್ಲ" ಅಂದರು ಕೊನೆಗೆ, ನನ್ನ ಎರಡು ಪ್ಯಾರಾವನ್ನು ಬೆರಳ ತುದಿಯಲ್ಲಿ ನನ್ನ ಕಡೆ ತಳ್ಳುತ್ತಾ.

"ಕೇಳಿ ನೋಡೋಣ" ಅಂದೆ. ಎಸ್. ಆರ್. ಎಂದು ಬರೆದು ನಾನೇ ಫ್ಯಾಕ್ಸ್ ಮಾಡಿದೆ.

ಗಿರಾಕಿ ಒಪ್ಪಿದರು. ಟವೆಲ್ಲಿನ ಸಾಲು ಅವರಿಗೆ ಭಾಳ ಇಷ್ಟವಾಯಿತಂತೆ. ಸೂರ್ಯನ ಚಿತ್ರ ತೆಗೆದು ಚೌಕವನ್ನು ದೊಡ್ಡದು ಮಾಡಿದರು. ಮುಂದಿನ ತಿಂಗಳು ರೋಲಂಡ್ ಅದನ್ನೇ ಹೊಸ ಗಿರಾಕಿಗಳಿಗೆ ಮಾದರಿಯಾಗಿ ಕಳಿಸಿದರು, "ನಮ್ಮ ವಿನೂತನ ಗೃಹಬಳಕೆಯ ಶೈಲಿ" ಎಂಬ ತಲೆಬರಹ ಕೊಟ್ಟು! ನನಗೆ ಆಶ್ಚರ್ಯವಾಗಲಿಲ್ಲ. ನಾನು ಬಿಡುವ ದಿನ ಅವರೇ ಭಾಷಣ ಮಾಡಿ ಗೋಡೆಗೆ ಹಾಕುವ ಹಿತ್ತಾಳೆಯ ಬ್ಯಾರೋಮೀಟರ್ ಕೊಟ್ಟರು. ಅದರ ಮುಳ್ಳು ಹೊರಗೆ ಏನೇ ಇರಲಿ, ಬಿಸಿಲಿನ ಚಿತ್ರದ ಮೇಲೇ ನಿಂತಿರುತ್ತದೆ. ಬಡಿದರೂ ಅಲುಗುವುದಿಲ್ಲ. ಕೋಟು ನೇತುಹಾಕಲು ಬರುತ್ತದೆ.

ಆದರೆ ನಾನು ಹೇಳಹೊರಟದ್ದು ಆ ಬ್ರೋಷರಿನ ವಿಷಯ. ಅಂಥ ಕಂಪನಿಗಳು ಒಮ್ಮೆ ವಿಳಾಸ ಸಿಕ್ಕರೆ ಬಿಡುವುದಿಲ್ಲ. ಹಿಂದೆ ಟೂರಿಗೆ ಬಂದವರಿಗೆಲ್ಲ ಹೊಸ ಬ್ರೋಷರ್ ಕಳಿಸುತ್ತಾರೆ. ಹೌನ್ಸ್ಲೋದ ಆ ಮನೆಯ ಬಾಗಿಲ ಸಂದಿಯಿಂದಲೂ ಒಂದು ಒಳಗೆ ಬಿದ್ದಿರಬೇಕು. ನಾನು ಹೇಳಿರಲಿಲ್ಲ, ಕೇಳಲೂ ಇಲ್ಲ.

ಅದು ಅಚ್ಚಾದ ವರ್ಷವೇ, ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ. ಒಲೆಯ ಮೇಲೆ ಉಪ್ಪಿಟ್ಟು, ಕೈಯಲ್ಲಿ ಸೌಟು. ಏಳೂ ಮುಕ್ಕಾಲು. ಫೋನ್ ಬಡಿದುಕೊಂಡಿತು. ಎತ್ತಿದೆ. ಆ ಕಡೆ ಕಾಗದ ಮಡಚುವ ಸದ್ದು, ಹಿಂದೆ ಡಾಕ್ಟರು ಕೆಮ್ಮಿದ್ದು.

"ಶಾರದಾ, ಇವತ್ತ ಅರಿವಿ ಒಣಗ್ತಾವೇನವಾ?"

"ತಡೀರಿ ಸುಮಿತ್ರಕ್ಕ, ಇಟ್ಟುಬಿಡಬೇಡಿ" ಅಂದೆ. ಫೋನನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟದೆ, ಹಿತ್ತಿಲ ಬಾಗಿಲು ತೆರೆದು, ಹಗ್ಗ ಮುಟ್ಟಿ ನೋಡಲು ಹೋದೆ.